ಆಫೀಸಿನ ಕಂಪ್ಯೂಟರಿಗೆ ಯಾವ ಬೋರ್ಡ್, ಯಾವ ಪ್ರೊಸೆಸರ್?

ಸಣ್ಣ ಕಚೇರಿಗೊಂದು ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರ ಮೇಜಿನ ಮೇಲೆ ಸಾಮಾನ್ಯವಾಗಿ ಮೂರು ಕೊಟೇಶನ್‌ಗಳಿರುತ್ತವೆ. ಒಂದರಲ್ಲಿ ‘ಐ7, 16 ಜಿಬಿ, 512 ಎಸ್‌ಎಸ್‌ಡಿ’ ಎಂದು ಬರೆದು ಎಲ್ಲಕ್ಕಿಂತ ಕಡಿಮೆ ಬೆಲೆ ಹಾಕಿರುತ್ತಾರೆ. ಇನ್ನೊಂದರಲ್ಲಿ ಬರೀ ಐ3 ಇದ್ದರೂ ಬೆಲೆ ಹೆಚ್ಚು. ಈ ಎರಡೂ ಇಂಟೆಲ್ ಕಂಪನಿಯ ಪ್ರೊಸೆಸರುಗಳು. ಮೂರನೆಯದರಲ್ಲಿ ಎಎಂಡಿ ಕಂಪನಿಯ ರೈಜೆನ್ ಎಂಬ ಹೆಸರಿರುತ್ತದೆ. ಅದು ನಮಗೆ ಹೊಂದುತ್ತದೆಯೋ ಇಲ್ಲವೋ ಎಂದು ಹೇಳುವವರು ಸುತ್ತಮುತ್ತ ಸಿಗುವುದಿಲ್ಲ. ಯಾವುದನ್ನು ಒಪ್ಪಬೇಕೆಂದು ಕೇಳುವವರಿಗಾಗಿ ಈ ಹೋಲಿಕೆ. ಕೆಲಸ ಇಷ್ಟೇ ಎಂದು ಇಟ್ಟುಕೊಂಡಿದ್ದೇನೆ: ಟ್ಯಾಲಿ, ಎಕ್ಸೆಲ್, ನುಡಿಯಲ್ಲಿ ಪತ್ರಗಳು, ಜಿಎಸ್‌ಟಿ ಪೋರ್ಟಲ್, ಇಮೇಲ್, ಸ್ಕ್ಯಾನಿಂಗ್, ಪ್ರಿಂಟಿಂಗ್, ಆಗೊಮ್ಮೆ ಈಗೊಮ್ಮೆ ವಿಡಿಯೊ ಮೀಟಿಂಗ್. ಆಟೊಕ್ಯಾಡ್ ನಕ್ಷೆ ಬಿಡಿಸುವವರಿಗೆ ಮತ್ತು ವಿಡಿಯೊ ಎಡಿಟಿಂಗ್ ಮಾಡುವವರಿಗೆ ಲೆಕ್ಕವೇ ಬೇರೆ.

ಕೊಳ್ಳುವವರಲ್ಲಿ ಹೆಚ್ಚಿನವರು ಪ್ರೊಸೆಸರಿನ ಹೆಸರಿನ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಪ್ರೊಸೆಸರೂ ಮಿಕ್ಕ ಭಾಗಗಳೂ ಕೂರುವ ಬೋರ್ಡ್ (ಮದರ್‌ಬೋರ್ಡ್) ಯಾವುದೆಂದು ಕೇಳಿದರೆ ‘ಅಂಗಡಿಯವರು ಹಾಕಿದ್ದು’ ಎನ್ನುತ್ತಾರೆ. ಮೇಲೆ ಹೇಳಿದಂಥ ಕೆಲಸಕ್ಕೆ ಈ ಕ್ರಮ ತಲೆಕೆಳಗಾದದ್ದು. ಈಚಿನ ನಾಲ್ಕೈದು ವರ್ಷಗಳ ಯಾವ ಐ3 ದರ್ಜೆಯ ಪ್ರೊಸೆಸರ್ ಆದರೂ ಈ ಕೆಲಸವನ್ನು ಸುಲಭವಾಗಿ ನಿಭಾಯಿಸುತ್ತದೆ. ಆದರೆ ಬೋರ್ಡಿನಲ್ಲಿ ಬೇಕಾದ ಕಿಂಡಿ ಇಲ್ಲದಿದ್ದರೆ, ಅಥವಾ ನಾಲ್ಕನೆಯ ವರ್ಷ ಅದು ಕೆಟ್ಟಾಗ ಅದೇ ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗದ) ಇನ್ನೊಂದು ಬೋರ್ಡ್ ಸಿಗದಿದ್ದರೆ, ಪ್ರೊಸೆಸರ್ ಎಷ್ಟು ದೊಡ್ಡದಾದರೂ ಕೆಲಸ ನಿಲ್ಲುತ್ತದೆ.

ಯಾವುದರಿಂದ ಅಳೆಯುವುದು

ಒಂದು ಹಾಳೆ ತೆಗೆದುಕೊಂಡು, ಈ ಕಂಪ್ಯೂಟರಿಗೆ ಏನೇನು ಚುಚ್ಚಬೇಕಾಗಿದೆ ಎಂದು ಮೊದಲು ಬರೆಯಿರಿ. ತೆರಿಗೆ ಸಲಹೆಗಾರರ ಕಚೇರಿಯಾದರೆ ಕೀಬೋರ್ಡ್, ಮೌಸ್, ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಸೇರಿ ಅಲ್ಲಿಗೇ ಐದು ಯುಎಸ್‌ಬಿ ಕಿಂಡಿ ಬೇಕು; ಹೆಬ್ಬೆಟ್ಟು ಒತ್ತುವ ಬಯೋಮೆಟ್ರಿಕ್ ಸಾಧನವೂ ವೆಬ್‌ಕ್ಯಾಮೂ ಸೇರಿದರೆ ಏಳು. ಅಡಿಕೆ ಮಂಡಿಯಲ್ಲಿ ತೂಕದ ಯಂತ್ರದ ಅಂಕಿ ನೇರವಾಗಿ ಬಿಲ್ಲಿಗೆ ಬರಬೇಕೆಂದರೆ ಸೀರಿಯಲ್ ಪೋರ್ಟ್ ಬೇಕಾಗಬಹುದು. ಕಾರ್ಬನ್ ಪ್ರತಿ ತೆಗೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೆಯದಾಗಿದ್ದು, ಬಿಲ್ಲಿಂಗ್ ತಂತ್ರಾಂಶವೂ ಡಾಸ್ ಕಾಲದ್ದಾಗಿದ್ದರೆ ತೊಂದರೆ ಇನ್ನೂ ಹೆಚ್ಚು: ಅಂಥ ತಂತ್ರಾಂಶ ನೇರವಾಗಿ ಪ್ಯಾರಲಲ್ ಪೋರ್ಟಿಗೇ ಬರೆಯುವುದರಿಂದ ಯುಎಸ್‌ಬಿ ಪರಿವರ್ತಕದ ಕೇಬಲ್ ಹಾಕಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಕೆಲವು ಹೊಸ ಬೋರ್ಡ್‌ಗಳಲ್ಲಿ ಸೀರಿಯಲ್ಲಿಗೂ ಪ್ಯಾರಲಲ್ಲಿಗೂ ಹಿಂಬದಿಯಲ್ಲಿ ಕಿಂಡಿ ಇರದಿದ್ದರೂ ಒಳಗೆ ಪಿನ್ನುಗಳ ಸಾಲು ಇರುತ್ತದೆ. ಒಂದು ಪಟ್ಟಿ ಕೇಬಲ್ ಕೊಂಡು ಹೊರಗೆ ತರಬಹುದು. ಬೋರ್ಡಿನ ಕೈಪಿಡಿಯನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಂಡು ನೋಡಿದರೆ ಇದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಹಳೆಯ ಮಾನಿಟರನ್ನೇ ಉಳಿಸಿಕೊಳ್ಳುವವರು ವಿಜಿಎ ಕಿಂಡಿ ಇದೆಯೇ ಎಂದೂ ನೋಡಬೇಕು.

ಎರಡನೆಯದು ವಿಂಡೋಸ್ 11. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ, ಒಂದೆರಡು ಅಪವಾದ ಬಿಟ್ಟು, 8ನೆಯ ಜನರೇಷನ್ (ತಲೆಮಾರು) ಅಥವಾ ಮುಂದಿನದು, ಎಎಂಡಿಯದಾದರೆ ಸ್ಥೂಲವಾಗಿ ರೈಜೆನ್ 2000 ಸಾಲಿನಿಂದ ಈಚಿನದು ಇರಬೇಕು. ಬ್ಯಾಂಕು, ತೆರಿಗೆ, ಸಹಿಯ ಟೋಕನ್ನು ಇವುಗಳೊಡನೆ ವ್ಯವಹರಿಸುವ ಕಚೇರಿಗೆ ಭದ್ರತೆಯ ಅಪ್‌ಡೇಟ್ ನಿಂತ ಯಂತ್ರ ಸಲ್ಲದು.

ಮೂರನೆಯದು, ತೆರೆಗೆ ಚಿತ್ರ ಎಲ್ಲಿಂದ ಬರುತ್ತದೆ ಎಂಬುದು. ಆಫೀಸಿನ ಯಂತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅಗತ್ಯವಿಲ್ಲವಾದ್ದರಿಂದ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಐ3 12100ಎಫ್ ಕೊಂಚ ಅಗ್ಗ, ಆದರೆ ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಮಾನಿಟರ್ ಚುಚ್ಚಿದರೆ ತೆರೆ ಕಪ್ಪಾಗಿಯೇ ಉಳಿಯುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನ ಸಾಲಿನಲ್ಲಿ ಇದು ಉಲ್ಟಾ: ಅಲ್ಲಿ ‘ಜಿ’ ಅಥವಾ ‘ಜಿಟಿ’ ಇದ್ದರಷ್ಟೇ ಗ್ರಾಫಿಕ್ಸ್ ಉಂಟು. ರೈಜೆನ್ 5 5500 ಮತ್ತು 5500ಜಿಟಿ ಎಂಬ ಎರಡು ಹೆಸರುಗಳ ನಡುವೆ ಎರಡಕ್ಷರವಷ್ಟೇ ವ್ಯತ್ಯಾಸ. ಮೊದಲನೆಯದನ್ನು ತಂದರೆ ಗ್ರಾಫಿಕ್ಸ್ ಕಾರ್ಡಿಗೂ ದುಡ್ಡು ಹೊಂದಿಸಬೇಕು.

ನಾಲ್ಕನೆಯದು ದುರಸ್ತಿ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ ಇಂಟೆಲ್, ಎಎಂಡಿ ಎರಡೂ 3 ವರ್ಷದ ವಾರಂಟಿ ಕೊಡುತ್ತವೆ. ಹೆಸರಿರುವ ಕಂಪನಿಗಳ ಬೋರ್ಡ್‌ಗಳಿಗೂ ನಮ್ಮಲ್ಲಿ ಸಾಮಾನ್ಯವಾಗಿ 3 ವರ್ಷ. ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ‘ಟ್ರೇ’ ಪ್ರೊಸೆಸರಿನ ಹೊಣೆ ಮಾರಿದವರದೇ ಹೊರತು ಕಂಪನಿಯದಲ್ಲ, ಜೊತೆಗೆ ಫ್ಯಾನೂ ಬರುವುದಿಲ್ಲ. ವೇಗ, ವಿದ್ಯುತ್ ಎಂಬುದು ಈ ನಾಲ್ಕರ ನಂತರದ ಮಾತು.

ಹಳೆಯ ಐ5, ಐ7: ಹೊಸ ಡಬ್ಬಿಯ ಹಳೆಯ ಸರಕು

ಎಲ್ಲಕ್ಕಿಂತ ಅಗ್ಗದ ಕೊಟೇಶನ್ನಿನ ಗುಟ್ಟು ಇಲ್ಲಿದೆ. ನನ್ನ ಪರಿಚಯದ ಸಹಕಾರ ಸಂಘವೊಂದು ‘ಐ7’ ಎಂಬ ಹೆಸರಿಗೆ ಮರುಳಾಗಿ ಎರಡು ಯಂತ್ರ ಕೊಂಡಿತ್ತು. ಕ್ಯಾಬಿನೆಟ್ ಹೊಸದು, ಬಣ್ಣದ ದೀಪವೂ ಇತ್ತು. ತೆರೆದು ನೋಡಿದರೆ ಒಳಗಿದ್ದದ್ದು 2012ರಲ್ಲಿ ಬಿಡುಗಡೆಯಾದ ಐ7 3770, ಅದರಡಿ ಹೆಸರೂರಿಲ್ಲದ ಎಚ್61 ಬೋರ್ಡ್. ಎಚ್61 ಚಿಪ್‌ಸೆಟ್ (ಬೋರ್ಡಿನ ಕಿಂಡಿಗಳನ್ನು ನಿಭಾಯಿಸುವ ಚಿಪ್) 2011ರದು. ಪ್ರೊಸೆಸರುಗಳನ್ನು ಹಳೆಯ ಯಂತ್ರಗಳಿಂದ ಕಿತ್ತು, ಅವುಗಳಿಗೆಂದೇ ಈಗಲೂ ತಯಾರಾಗುವ ಅಗ್ಗದ ಎಚ್61, ಎಚ್81 ಬೋರ್ಡ್‌ಗಳ ಮೇಲೆ ಕೂರಿಸಿ ಮಾರುತ್ತಾರೆ.

ಐ7 3770 ಮತ್ತು ಐ3 12100 ಎರಡರಲ್ಲೂ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಹಾಳೆಯ ಮೇಲೆ ಸಮ. ಆದರೆ ಇವೆರಡರ ನಡುವೆ ಹತ್ತು ವರ್ಷಗಳ ಅಂತರವಿದೆ, ಒಂದೊಂದು ಕೋರಿನ ವೇಗದಲ್ಲಿ ಐ3 ಬಹಳ ಮುಂದಿದೆ. ಫೈಲ್ ತೆರೆಯುವುದು, ದೊಡ್ಡ ಎಕ್ಸೆಲ್ ಹಾಳೆ ಲೆಕ್ಕ ಹಾಕುವುದು, ಬ್ರೌಸರಿನಲ್ಲಿ ಪುಟ ಮೂಡುವುದು ಇವೆಲ್ಲದರಲ್ಲಿ ಕೈಗೆ ತಿಳಿಯುವುದು ಆ ಒಂಟಿ ಕೋರಿನ ವೇಗವೇ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ದರ್ಜೆ. ತಲೆಮಾರು ತಿಳಿಯಬೇಕಾದರೆ ಅದರ ಮುಂದಿನ ಸಂಖ್ಯೆ ನೋಡಬೇಕು. 3770 ಎಂದರೆ 3ನೆಯದು, 12100 ಎಂದರೆ 12ನೆಯದು. ಪೂರ್ಣ ಸಂಖ್ಯೆ ಬರೆಯದ ಕೊಟೇಶನ್ನನ್ನು ಹಿಂದಿರುಗಿಸಿ, ಬರೆದು ಕೊಡಿ ಎನ್ನುವುದರಲ್ಲಿ ಸಂಕೋಚ ಬೇಡ.

ಹಾಗೆಂದು ಈ ಹಳೆಯ ಸರಕು ಪೂರ್ತಿ ನಿರುಪಯೋಗಿಯಲ್ಲ. ಉಬುಂಟುವಿನಂಥ ಲಿನಕ್ಸ್ ಹಾಕಿ, ಐಬಸ್ ಎಂಬ ಟೈಪಿಂಗ್ ತಂತ್ರಾಂಶದಲ್ಲಿರುವ ಕೆಜಿಪಿ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡಿಕೊಂಡು, ಬ್ರೌಸರ್ ಮತ್ತು ಲಿಬ್ರೆ ಆಫೀಸಿನಲ್ಲೇ ಕೆಲಸ ಮುಗಿಸುವ ಗ್ರಂಥಾಲಯದ ಮೇಜಿಗೋ ಶಾಲೆಗೋ ಅದು ನಡೆಯುತ್ತದೆ. ಟ್ಯಾಲಿ ಲಿನಕ್ಸಿಗೆ ನೇರವಾಗಿ ಒಗ್ಗದ್ದರಿಂದ ಲೆಕ್ಕಪತ್ರದ ಕಚೇರಿಗೆ ಈ ದಾರಿ ಮುಚ್ಚಿದಂತೆಯೇ.

ದಾಸ್ತಾನಿನಲ್ಲಿ ಉಳಿದ 10ನೆಯ ಜನರೇಷನ್

ಐ3 10100 ಅಥವಾ 10105 ಕೆಲವು ಅಂಗಡಿಗಳಲ್ಲಿ ಇನ್ನೂ ಸಿಗುತ್ತವೆ. ವಿಂಡೋಸ್ 11 ಓಡುತ್ತದೆ, ಕೆಲಸವೂ ಆಗುತ್ತದೆ. ಒಂದು ಬಲೆ ಮಾತ್ರ ಇದೆ: ಇದನ್ನು ಎಚ್510 ಬೋರ್ಡಿನ ಮೇಲೆ ಕೂರಿಸಿದರೆ, ಅಂಥ ಹಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿಯ (ಬೋರ್ಡಿಗೇ ನೇರವಾಗಿ ಕೂರುವ ಸಣ್ಣ ಪಟ್ಟಿಯಂಥ ಡಿಸ್ಕ್) ಜಾಗ 11ನೆಯ ಜನರೇಷನ್ನಿನ ಪ್ರೊಸೆಸರ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಡೆಸ್ಕ್‌ಟಾಪಿನ ಈ ಸಾಲಿಗೆ 11ನೆಯ ಜನರೇಷನ್ನಿನ ಹೊಸ ಐ3 ಬರಲೇ ಇಲ್ಲ, ಹಾಗಾಗಿ ಅಂಥ ಬೋರ್ಡಿಗೆ ಐ3 ಹಾಕಿದವರಿಗೆ ಆ ಜಾಗ ವ್ಯರ್ಥ. ಬೆಲೆಯಲ್ಲಿ ದೊಡ್ಡ ಉಳಿತಾಯವಿದ್ದರೆ ಮಾತ್ರ ಯೋಚಿಸಬಹುದು. ಅಷ್ಟು ಉಳಿಯುವುದು ಅಪರೂಪ.

ಐ3 12100 ಮತ್ತು ಎಚ್610

ನೂರಕ್ಕೆ ಎಪ್ಪತ್ತು ಪಾಲು ಕಚೇರಿಗಳಿಗೆ ನಾನು ಕಣ್ಣು ಮುಚ್ಚಿ ಹೇಳುವ ಜೋಡಿ ಇದು. 12100 ಬಂದದ್ದು 2022ರ ಜನವರಿಯಲ್ಲಿ. 4 ಕೋರ್, 8 ಥ್ರೆಡ್, ಒಳಗೇ ಯುಎಚ್‌ಡಿ 730 ಗ್ರಾಫಿಕ್ಸ್. ಎಚ್610 ಚಿಪ್‌ಸೆಟ್ಟಿನ ಬೋರ್ಡ್‌ಗಳು ಹಲವು ಕಂಪನಿಗಳಿಂದ ಬರುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಷ್ಟೇ ಅಲ್ಲ, ಜಿಲ್ಲಾ ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ. ಹೆಚ್ಚಿನವುಗಳಲ್ಲಿ ವಿಜಿಎಯೂ ಎಚ್‌ಡಿಎಂಐಯೂ ಇರುತ್ತವೆ, ಸೀರಿಯಲ್ ಪಿನ್ನುಗಳೂ ಹಲವುಗಳಲ್ಲಿ ಉಂಟು. ಟಿಪಿಎಂ ಪ್ರೊಸೆಸರಿನ ಫರ್ಮ್‌ವೇರಿನಲ್ಲೇ ಇದ್ದು, ಬಯೋಸಿನಲ್ಲಿ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಚಾಲೂ ಮಾಡಿದರೆ ಸಾಕು.

ಎಚ್610ರ ಮಿತಿಗಳೂ ಗೊತ್ತಿರಬೇಕು. ರ‍್ಯಾಮಿಗೆ ಎರಡೇ ಜಾಗ. ಎಂ.2 ಎಸ್‌ಎಸ್‌ಡಿಗೆ ಹೆಚ್ಚಾಗಿ ಒಂದೇ ಜಾಗ, ಅದೂ ಪಿಸಿಐಇ 3.0 ವೇಗದ್ದು. ಇವೆರಡೂ ಆಫೀಸಿನ ಕೆಲಸದಲ್ಲಿ ಅನುಭವಕ್ಕೆ ಬರುವಂಥವಲ್ಲ, 3.0 ವೇಗದ ಎಸ್‌ಎಸ್‌ಡಿಯ ಮುಂದೆ ಕುಳಿತವರಿಗೆ 4.0ರ ಕೊರತೆ ಗೊತ್ತಾಗುವುದಿಲ್ಲ. ಬಿ660, ಬಿ760 ಬೋರ್ಡ್‌ಗಳಿಗೆ ಹೆಚ್ಚು ಕೊಟ್ಟರೆ ಹೆಚ್ಚಿನ ಯುಎಸ್‌ಬಿ, ಎರಡನೆಯ ಎಂ.2, ಕೆಲವುಗಳಲ್ಲಿ ನಾಲ್ಕು ರ‍್ಯಾಮ್ ಜಾಗ ಸಿಗುತ್ತವೆ. ಮೊದಲು ಬರೆದ ಹಾಳೆಯಲ್ಲಿ ಯುಎಸ್‌ಬಿ ಸಾಧನಗಳ ಸಂಖ್ಯೆ ಏಳು ದಾಟಿದ್ದರೆ ಅದು ವ್ಯರ್ಥ ಖರ್ಚಲ್ಲ. ದಾಟದಿದ್ದರೆ ಆ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೋ (ಯಂತ್ರದೊಳಗೆ ವಿದ್ಯುತ್ ಪೂರೈಸುವ ಭಾಗ) ಯುಪಿಎಸ್‌ಗೋ ಹಾಕುವುದು ಮೇಲು.

ಇದೇ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಕೆಳಗೂ ಮೇಲೂ ಆಯ್ಕೆಗಳಿವೆ. ಪೆಂಟಿಯಂ ಗೋಲ್ಡ್ ಜಿ7400ರಲ್ಲಿ 2 ಕೋರ್, 4 ಥ್ರೆಡ್. ಬಿಲ್ಲು ಹಾಕುವ ಕೌಂಟರಿಗೆ ಅಷ್ಟು ಸಾಕು, ಆದರೆ ವಿಡಿಯೊ ಮೀಟಿಂಗ್ ನಡೆಯುತ್ತಿರುವಾಗಲೇ ಆಂಟಿವೈರಸ್ ಸ್ಕ್ಯಾನ್ ಶುರುವಾದರೆ ಏದುಸಿರು ಬಿಡುತ್ತದೆ. ಐ5 12400ರಲ್ಲಿ 6 ಕೋರ್, 12 ಥ್ರೆಡ್. ಟ್ಯಾಲಿಯ ದತ್ತಾಂಶ ಒಂದೇ ಯಂತ್ರದಲ್ಲಿದ್ದು ಮಿಕ್ಕ ನಾಲ್ಕೈದು ಯಂತ್ರಗಳು ಅಲ್ಲಿಂದ ಓದುವಂತಿದ್ದರೆ, ಆ ಒಂದಕ್ಕೆ ಮಾತ್ರ ಇದನ್ನು ಹಾಕುವುದು ನ್ಯಾಯ. 2024ರ ಐ3 14100 ತುಸು ವೇಗದ್ದೆಂಬುದು ನಿಜ, ಆದರೆ ಕೋರ್ ಅಷ್ಟೇ, ಗ್ರಾಫಿಕ್ಸ್ ಅದೇ. ಬೆಲೆಯ ವ್ಯತ್ಯಾಸ ಸಣ್ಣದಾದರೆ ಕೊಳ್ಳಿ. ಬೋರ್ಡ್ ಹಳೆಯ ದಾಸ್ತಾನಿನದಾಗಿದ್ದರೆ ಬಯೋಸ್ ಅಪ್‌ಡೇಟ್ ಆಗುವವರೆಗೆ 14100 ಎಚ್ಚರಗೊಳ್ಳುವುದೇ ಇಲ್ಲ ಎಂಬುದನ್ನು ಅಂಗಡಿಯವರಿಗೆ ನೆನಪಿಸಿ.

ಈ ಸಾಕೆಟ್ಟಿನ ಕಥೆ 14ನೆಯ ಜನರೇಷನ್ನಿಗೆ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಸಾಕೆಟ್ ಬೇರೆ. ‘ಮುಂದೆ ಅಪ್‌ಗ್ರೇಡ್ ಮಾಡಲಾಗದಲ್ಲ’ ಎಂದು ಕೆಲವರು ಹಿಂಜರಿಯುತ್ತಾರೆ. ಆಫೀಸಿನ ಯಂತ್ರದಲ್ಲಿ ಪ್ರೊಸೆಸರನ್ನು ಬದಲಾಯಿಸಿ ಮುಂದುವರಿದವರನ್ನು ನಾನು ಬಹಳ ಕಂಡಿಲ್ಲ. ರ‍್ಯಾಮ್ ಹೆಚ್ಚಿಸುತ್ತಾರೆ, ಡಿಸ್ಕ್ ಬದಲಿಸುತ್ತಾರೆ, ಏಳೆಂಟು ವರ್ಷ ಕಳೆದ ಮೇಲೆ ಇಡೀ ಯಂತ್ರವನ್ನೇ ಕೈಬಿಡುತ್ತಾರೆ.

ಎಎಂಡಿಯ ದಾರಿ

ಎಎಂ4 ಸಾಕೆಟ್ 2016ರಿಂದ ಇದೆ. 2021ರ ರೈಜೆನ್ 5 5600ಜಿ 6 ಕೋರ್, 12 ಥ್ರೆಡ್ಡಿನದು. ಎ520 ಬೋರ್ಡಿನೊಡನೆ ಜೋಡಿಸಿದರೆ ಬೆಲೆ ಹಲವು ಬಾರಿ ಐ3 ಜೋಡಿಯ ಹತ್ತಿರಕ್ಕೇ ಬರುತ್ತದೆ. ಏಕಕಾಲಕ್ಕೆ ಹತ್ತಾರು ಕೆಲಸ ತೆರೆದಿಡುವವರಿಗೆ ಆ ಎರಡು ಹೆಚ್ಚುವರಿ ಕೋರ್‌ಗಳು ಲಾಭ; ಅದರ ಗ್ರಾಫಿಕ್ಸ್ ಕೂಡ ಯುಎಚ್‌ಡಿ 730ಕ್ಕಿಂತ ಬಲವಾದದ್ದು, ಆದರೆ ಎಕ್ಸೆಲ್ಲಿಗೆ ಅದರಿಂದ ಏನೂ ಆಗಬೇಕಿಲ್ಲ. ಒಂಟಿ ಕೋರಿನ ವೇಗದಲ್ಲಿ 12100 ಮುಂದು. ಅಂದರೆ ಒಂದೊಂದಾಗಿ ಕೆಲಸ ಮುಗಿಸುವವರಿಗೆ ಐ3, ಎಲ್ಲವನ್ನೂ ತೆರೆದಿಟ್ಟುಕೊಂಡು ಓಡಾಡುವವರಿಗೆ 5600ಜಿ ಅಥವಾ 5500ಜಿಟಿ ಎನ್ನಬಹುದು, ವ್ಯತ್ಯಾಸ ದೊಡ್ಡದಲ್ಲ. ದೊಡ್ಡ ಊರಿನಲ್ಲಿದ್ದರೆ ಆ ದಿನ ಯಾವುದು ಅಗ್ಗವೋ ಅದನ್ನು ತನ್ನಿ. ಸಣ್ಣ ಊರಾದರೆ, ನಿಮ್ಮ ರಿಪೇರಿಯವರ ಬಳಿ ಎಎಂ4 ಬೋರ್ಡ್ ಇರುತ್ತದೆಯೇ ಎಂದು ಕೇಳಿದ ಮೇಲಷ್ಟೇ ಮುಂದುವರಿಯಿರಿ.

ಇದೇ ಸಾಲಿನ ರೈಜೆನ್ 3 3200ಜಿ ಈಗಲೂ ಕೊಟೇಶನ್‌ಗಳಲ್ಲಿ ಇಣುಕುತ್ತದೆ. 2019ರದು, 4 ಕೋರ್ ಇದ್ದರೂ ಥ್ರೆಡ್ 4 ಮಾತ್ರ. ವಿಂಡೋಸ್ 11 ಓಡುತ್ತದೆ ಎಂಬುದನ್ನು ಬಿಟ್ಟರೆ ಹೊಸದಾಗಿ ಕೊಳ್ಳಲು ಕಾರಣ ಕಾಣೆ.

ಎಎಂ5 ಹೊಸ ಸಾಕೆಟ್. 2022ರಲ್ಲಿ ಬಂತು, ಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುತ್ತದೆ, 2027ರವರೆಗಾದರೂ ಇದನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಎ620 ಬೋರ್ಡ್ ಮತ್ತು ರೈಜೆನ್ 5 8500ಜಿ ಒಳ್ಳೆಯ ಜೋಡಿಯೇ, ಆದರೆ ಈ ಬರಹದ ಕೆಲಸಕ್ಕೆ ಅತಿಯಾದದ್ದು. ಕೋರ್ ಅಲ್ಟ್ರಾಕ್ಕೂ ಇದೇ ಮಾತು.

ಇದರಲ್ಲಿ ರ‍್ಯಾಮಿನ ಬೆಲೆಯೂ ಸೇರಿಕೊಳ್ಳುತ್ತದೆ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಕೈಯಲ್ಲಿ ಕೆಟ್ಟ ಯಂತ್ರದ ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನು ಎಸೆಯದೆ, ಅದಕ್ಕೆ ಹೊಂದುವ ಬೋರ್ಡನ್ನೇ ಹುಡುಕುವುದು ಲೇಸು. ಎಚ್610 ಬೋರ್ಡ್‌ಗಳಲ್ಲಿ ಡಿಡಿಆರ್4ರವೂ ಡಿಡಿಆರ್5ರವೂ ಬೇರೆಬೇರೆ ಬರುತ್ತವೆ. ಎರಡರ ಕಚ್ಚು ಬೇರೆಯಾದ್ದರಿಂದ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. 8 ಜಿಬಿಯ ಎರಡು ಪಟ್ಟಿ ಹಾಕಿದರೆ ವೇಗ ತುಸು ಹೆಚ್ಚು, 16 ಜಿಬಿಯ ಒಂದೇ ಪಟ್ಟಿ ಹಾಕಿದರೆ ಮುಂದಕ್ಕೆ ಒಂದು ಜಾಗ ಖಾಲಿ. ಆಫೀಸಿಗೆ ನಾನು ಎರಡನೆಯದನ್ನು ಆರಿಸುತ್ತೇನೆ.

ಎನ್100 ಮತ್ತು ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಯಂತ್ರ

ಇಂಟೆಲ್ ಎನ್100 ಬೋರ್ಡಿಗೇ ಬೆಸೆದು ಬರುವ ಪ್ರೊಸೆಸರ್. 2023ರಲ್ಲಿ ಬಂತು; 4 ಸಣ್ಣ ಕೋರ್, ಕೇವಲ 6 ವ್ಯಾಟ್ ದರ್ಜೆಯದು. ವಿಂಡೋಸ್ 11 ಓಡುತ್ತದೆ, ಟೈಪಿಂಗಿಗೂ ಬಿಲ್ಲಿಂಗಿಗೂ ಸಾಲುತ್ತದೆ. ಐ3 ಯಂತ್ರಕ್ಕಿಂತ ಸರಾಸರಿ 15 ವ್ಯಾಟ್ ಕಡಿಮೆ ಎಂದು ಹಿಡಿದು, ದಿನಕ್ಕೆ 8 ಗಂಟೆಯಂತೆ 300 ದಿನಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 36 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 288 ರೂಪಾಯಿ. ಬಿಲ್ಲಿನ ಉಳಿತಾಯಕ್ಕಾಗಿ ಇದನ್ನು ಕೊಳ್ಳಬೇಕಾಗಿಲ್ಲ. ಆದರೆ ಮಧ್ಯಾಹ್ನ ಹೋದ ಕರೆಂಟ್ ಸಂಜೆಗೆ ಬರುವ ಊರಿನಲ್ಲಿ, ಅದೇ ಯುಪಿಎಸ್ಸಿನ ಮೇಲೆ ಹೆಚ್ಚು ಹೊತ್ತು ನಿಲ್ಲುವ ಯಂತ್ರದ ಬೆಲೆ ಬೇರೆ. ಅದಕ್ಕೆ ಎದುರಾಗಿ ನಿಲ್ಲುವುದು ದುರಸ್ತಿಯ ಪ್ರಶ್ನೆ: ಬೋರ್ಡ್ ಹೋದರೆ ಪ್ರೊಸೆಸರೂ ಹೋದಂತೆ. ಮಲೆನಾಡಿನ ಗುಡುಗಿಗೆ ನೆಟ್‌ವರ್ಕ್ ಕಿಂಡಿ ಸುಟ್ಟು, ಅದರೊಂದಿಗೆ ಬೋರ್ಡೂ ಸತ್ತದ್ದನ್ನು ಕಂಡವರು ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ.

ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಡೆಸ್ಕ್‌ಟಾಪ್‌ಗಳೂ ಸಿಗುತ್ತವೆ. ಐ5 8500 ಇರುವಂಥದ್ದು ವಿಂಡೋಸ್ 11ರ ಹೊಸ್ತಿಲಲ್ಲಿ ಇದೆ. ಗಟ್ಟಿಮುಟ್ಟಾದ ಯಂತ್ರವೂ ಹೌದು. ಅನೇಕ ಮಾದರಿಗಳಲ್ಲಿ ಬೋರ್ಡಿನ ಆಕಾರವೂ ಎಸ್‌ಎಂಪಿಎಸ್ಸಿನ ಕನೆಕ್ಟರೂ ಆ ಕಂಪನಿಗೇ ವಿಶೇಷವಾದವು, ಕೆಟ್ಟರೆ ಪಕ್ಕದ ಅಂಗಡಿಯ ಸಾಮಾನು ಹೊಂದುವುದಿಲ್ಲ. ಬಜೆಟ್ ತೀರಾ ಬಿಗಿಯಾಗಿದ್ದರೆ, ಹಳೆಯ ‘ಐ7’ ಜೋಡಣೆಗಿಂತ ಇದನ್ನೇ ಕೊಳ್ಳಿ.

ಯಾರಿಗೆ ಯಾವುದು

ಒಬ್ಬರೇ ಕೂರುವ ಒಂದು ಯಂತ್ರವಾದರೆ 12100 ಮತ್ತು ಡಿಡಿಆರ್4ರ ಎಚ್610. ಬ್ರೌಸರಿನಲ್ಲಿ ನಲವತ್ತು ಟ್ಯಾಬ್ ತೆರೆದಿಡುವ ಅಭ್ಯಾಸವಿದ್ದು, ಊರಿನಲ್ಲಿ ಎಎಂಡಿಯ ಬೋರ್ಡ್ ಸಿಗುವುದಾದರೆ 5600ಜಿ. ಬರೀ ಬಿಲ್ಲಿನ ಕೌಂಟರಿಗೆ ಜಿ7400, ಕರೆಂಟಿನ ಕಷ್ಟವಿದ್ದರೆ ಎನ್100. ಐದಾರು ಯಂತ್ರ ಒಟ್ಟಿಗೆ ಕೊಳ್ಳುವ ಕಚೇರಿಗಳು ಒಂದೇ ಬೋರ್ಡ್, ಒಂದೇ ಸಾಲಿನ ಪ್ರೊಸೆಸರ್, ಒಂದೇ ಬಗೆಯ ರ‍್ಯಾಮ್ ಇರುವಂತೆ ನೋಡಿಕೊಳ್ಳಬೇಕು. ಆಗ ಒಂದರ ಭಾಗ ಇನ್ನೊಂದಕ್ಕೆ ಹಾಕಿ ಯಾವುದು ಕೆಟ್ಟಿದೆ ಎಂದು ಅರ್ಧ ಗಂಟೆಯಲ್ಲಿ ಪತ್ತೆ ಮಾಡಬಹುದು, ಒಂದು ಬೋರ್ಡನ್ನು ಹೆಚ್ಚುವರಿಯಾಗಿ ಕಪಾಟಿನಲ್ಲಿಟ್ಟರೆ ವಾರಂಟಿಗೆ ಕಳಿಸಿದ್ದು ಬರುವವರೆಗೆ ಕೆಲಸ ನಿಲ್ಲುವುದಿಲ್ಲ.

ಕೊನೆಗೆ ಅಂಗಡಿಯಲ್ಲಿ. ಪೂರ್ತಿ ಹಣ ಕೊಡುವ ಮುನ್ನ ಯಂತ್ರವನ್ನು ಚಾಲೂ ಮಾಡಿಸಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆದರೆ ಪ್ರೊಸೆಸರಿನ ಪೂರ್ಣ ಹೆಸರೂ, ರ‍್ಯಾಮಿನ ಎಷ್ಟು ಜಾಗ ತುಂಬಿದೆ ಎಂಬುದೂ ಕಾಣುತ್ತದೆ. ನಿಮ್ಮದೇ ಪ್ರಿಂಟರನ್ನೋ ಸಹಿಯ ಟೋಕನ್ನನ್ನೋ ಜೊತೆಗೆ ಒಯ್ದು ಅಲ್ಲಿಯೇ ಚುಚ್ಚಿ ನೋಡಿ. ಜಿಎಸ್‌ಟಿ ನೋಂದಣಿ ಇರುವವರು ತಮ್ಮ ನೋಂದಣಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿಸಬೇಕು, ಇಲ್ಲವಾದರೆ ಕಟ್ಟಿದ ಶೇ 18ರ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಬೋರ್ಡಿನ ಮತ್ತು ಪ್ರೊಸೆಸರಿನ ಸೀರಿಯಲ್ ನಂಬರುಗಳನ್ನು ಡಬ್ಬಿಯ ಮೇಲಿನದರೊಂದಿಗೆ ತಾಳೆ ನೋಡಿ, ಅದೇ ಬಿಲ್ಲಿನಲ್ಲಿ ಬರೆಸಿಕೊಂಡು, ಎರಡೂ ಖಾಲಿ ಡಬ್ಬಿಗಳನ್ನು ಕೇಳಿ ಪಡೆದ ಮೇಲೆ ಬಾಕಿ ಹಣ ಕೊಡಬಹುದು.